ಕಡಿತದ ವರ್ಷದ ಸನ್ಮಾನಗಳು

ವಿಶ್ವವಿದ್ಯಾಲಯದ ಆಫೀಸಿನಲ್ಲಿ ಕೆಲಸ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಬಂದು ಕುರ್ಚಿಯ ಧೂಳು ಒರೆಸಿ ಕೂತರೆ ಸಾಕು, ಮಧ್ಯಾಹ್ನದ ರೊಟ್ಟಿ ಡಬ್ಬಿ ಬಿಚ್ಚುವುದರೊಳಗೆ ಒಂದಾದರೂ ತಾನೇ ನಡೆದು ಬಂದು ಎದುರಿಗೆ ನಿಂತಿರುತ್ತದೆ. ಅದರಲ್ಲೂ ದುಡ್ಡಿಲ್ಲದ ವರ್ಷ ಬಂತೆಂದರೆ ಕೇಳುವುದೇ ಬೇಡ.

ನಮ್ಮದು ಸಣ್ಣ ವಿಶ್ವವಿದ್ಯಾಲಯ. ಮುಖ್ಯ ಕಚೇರಿ ಬೀದರಿನಲ್ಲಿ, ಒಂದು ಕೇಂದ್ರ ಭಾಲ್ಕಿಯಲ್ಲಿ, ಇನ್ನೊಂದು ಔರಾದಿನಲ್ಲಿ. ನಾನು ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟ್, ಮನೆ ಮೈಲೂರಿನಲ್ಲಿ. ಯಾರು ಬಂದರು, ಯಾರು ಹೋದರು ಎನ್ನುವುದೆಲ್ಲ ನನ್ನ ಟೇಬಲ್ ಮೇಲಿಂದಲೇ ಹಾಯಬೇಕು. ಸರ್ಕಾರದ ಅನುದಾನ ಕಡಿಮೆಯಾದ ವರ್ಷ ಬಂದವರು ಯಾರೂ ಇಲ್ಲ, ಹೋದವರೇ ಎಲ್ಲ. ಹೊರಗುತ್ತಿಗೆಯವರು, ಅತಿಥಿ ಉಪನ್ಯಾಸಕರು, ಒಬ್ಬೊಬ್ಬರಾಗಿ ಹೋದರು. ಈಗ ಕಚೇರಿಯಲ್ಲಿ ಕುರ್ಚಿಗಳು ಹೆಚ್ಚು, ಜನ ಕಡಿಮೆ. ಅವರ ನೆನಪಾದಾಗಲೆಲ್ಲ ನಗು ಬರುತ್ತದೆ. ಒಬ್ಬಳೇ ನಕ್ಕು ಮುಗಿದ ಮೇಲೆ ಎದ್ದು ಹೋಗಿ ಕಿಟಕಿ ತೆಗೆಯುತ್ತೇನೆ, ಸುಮ್ಮನೆ.

ಚಹಾ ನಿಲ್ಲಿಸಿದ ಸಭೆ

ನಮ್ಮ ರಿಜಿಸ್ಟ್ರಾರ್ ಸಾಹೇಬರು ಮೈಸೂರು ಕಡೆಯವರು. ಒಳ್ಳೆಯ ಮನುಷ್ಯ. ಬೀದರಿಗೆ ಬಂದು ವರ್ಷಗಳಾಗಿದ್ದರೂ ಯಾರಾದರೂ "ಬರ್ರಿ ಸರ್" ಎಂದು ಗಟ್ಟಿಯಾಗಿ ಕರೆದರೆ ಜಗಳಕ್ಕೇ ಕರೆದರೇನೋ ಎನ್ನುವಂತೆ ಬೆಚ್ಚಿ ನೋಡುತ್ತಿದ್ದರು. ಅನುದಾನ ಕಡಿತದ ಆದೇಶ ಬಂದ ಮರುದಿನ ಅವರು ಎಲ್ಲ ವಿಭಾಗದವರನ್ನೂ ಸೇರಿಸಿ ಸಭೆ ಮಾಡಿದರು.

"ಜನರನ್ನ ಕಡಿಮೆ ಮಾಡೋ ಮೊದಲು ಖರ್ಚು ಕಡಿಮೆ ಮಾಡೋಣ. ಸಭೆಗಳಿಗೆ ಕೊಡೋ ಚಹಾ ಇವತ್ತಿನಿಂದಲೇ ನಿಲ್ಲಿಸೋಣ, ಏನಂತೀರಿ?" ಎಂದರು.

ಏನೂ ಅನ್ನದೆ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮವರಿಗೆ ಬಾಯಿ ಮುಚ್ಚಿಕೊಂಡು ಕೂತು ಅಭ್ಯಾಸವಿಲ್ಲ. ಲೆಕ್ಕಪತ್ರ ವಿಭಾಗದವರು ಎದ್ದು, "ಚಾ ಬಂದ್ ಅಂದ್ರ ಬಿಸ್ಕೀಟೂ ಬಂದೇನ್ರಿ? ಆದೇಶದಾಗ ಕ್ಲಿಯರ್ ಇರ್ಬೇಕ್ರಿ" ಎಂದರು. ಪರೀಕ್ಷಾ ವಿಭಾಗದವರಿಗೆ ಹೊರಗಿನಿಂದ ಬಂದ ಅತಿಥಿಗಳ ಚಿಂತೆ. "ಅತಿಥಿಗೋಳಿಗೆ ಕೊಟ್ಟು ನಾವ್ ಸುಮ್ ಕುಂತ್ರ ಅವ್ರಿಗೇ ಹ್ಯಾಂಗನಸ್ತದ್ರಿ?" ಎಂದು ಕೇಳಿದರು. ಇನ್ನೊಬ್ಬರು ಬಿಸಿನೀರಿನ ಬಗ್ಗೆ ವಿಚಾರಿಸಿದರು. ಹಾಲಿಲ್ಲದ ಚಹಾ ಚಹಾದ ವ್ಯಾಖ್ಯೆಯೊಳಗೆ ಬರುತ್ತದೆಯೇ ಎನ್ನುವಲ್ಲಿಗೆ ಚರ್ಚೆ ಮುಟ್ಟುವಷ್ಟರಲ್ಲಿ ಹೊರಗೆ ಬಿಸಿಲು ಇಳಿದಿತ್ತು. ಸಾಹೇಬರ ಗಂಟಲು ಒಣಗಿ ದನಿ ಕೀರಲಾಗಿತ್ತು. ಅವರು ಬಾಗಿಲ ಕಡೆ ನೋಡಿ ಸನ್ನೆ ಮಾಡಿದರು.

ಬಾಗಿಲಲ್ಲಿ ನಿಂತಿದ್ದವನು ನಮ್ಮ ಡ್ರೈವರ್ ಚಾಚಾ. ಹಳೇ ಊರಿನ ಸಾಬರ ಮನೆತನ, ಹೊರಗುತ್ತಿಗೆಯ ನೌಕರಿ. ಕಚೇರಿಯಲ್ಲಿ ಇದ್ದುದೊಂದೇ ಕಾರು, ಅದನ್ನು ನಡೆಸುವವನು ಅವನೊಬ್ಬನೇ.

"ಚಾಚಾ, ಎಲ್ಲರಿಗೂ ಒಂದೊಂದು ಕಪ್ ಚಹಾ ತರಿಸ್ತೀರಾ?" ಎಂದರು ಸಾಹೇಬರು.

"ಸಾಬ್, ಬಂದ್ ಹುವಾ ಬೋಲೇ ನಾ?"

"ಇನ್ನೂ ತೀರ್ಮಾನ ಆಗಿಲ್ಲ. ಚರ್ಚೆ ನಡೀತಿದೆ."

ಚಾಚಾ ಗಾಂಧಿ ಗಂಜ್ ಮಾರುಕಟ್ಟೆಯ ಹೋಟೆಲಿನಿಂದ ಕೆಟಲು ತುಂಬ ಚಹಾ ತಂದ, ಕೇಳದೆ ಇದ್ದರೂ ಬಿಸ್ಕೀಟನ್ನೂ ತಂದ. ಚಹಾ ಒಳಗೆ ಹೋದ ಮೇಲೆ ಎಲ್ಲರಿಗೂ ಜೀವ ಬಂತು. ಚಹಾ ನಿಲ್ಲಿಸುವ ಠರಾವು ಒಂದೇ ದನಿಯಲ್ಲಿ ಪಾಸಾಯಿತು. ಖಾಲಿ ಗ್ಲಾಸು ಎತ್ತುತ್ತ ಚಾಚಾ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಅಕ್ಕಾ, ಇದು ಬಂದ್ ಮಾಡ್ಲಿಕ್ಕ ಕುಡ್ದ ಚಾ ಆಯ್ತು. ಬಂದ್ ಆದ ಖುಷಿಗಿ ಕುಡಿಯೋ ಚಾ ಯಾವಾಗ ತರ್ಲಿ?"

ಗೋಡೆ ಏರಿದ ಚಾಚಾ

ಸಭೆಯ ಚಹಾ ನಿಂತ ಮೇಲೆ ನಮ್ಮ ನಮ್ಮೊಳಗಿನ ಚಹಾ ಶುರುವಾಯಿತು. ಸಂಜೆ ನಾಲ್ಕಾಯಿತೆಂದರೆ ಹಿಂದಿನ ಬೇವಿನ ಗಿಡದ ಕೆಳಗೆ ಎಲ್ಲರೂ ಸೇರುವುದು. ಒಂದು ದಿನ ಒಬ್ಬರು ಚಹಾ ತರಿಸಿದರೆ ಮರುದಿನ ಇನ್ನೊಬ್ಬರು. ಭಾಲ್ಕಿಯವರು ಕೆಲಸಕ್ಕೆಂದು ಬಂದರೆ ಶೇಂಗಾ ಹೋಳಿಗೆ ಬರುತ್ತಿತ್ತು. ಔರಾದಿನವರು ಬಂದರೆ ಹಸಿ ಕಡಲೆಗಿಡದ ಕಟ್ಟು. ಯಾರ ನೌಕರಿ ಎಷ್ಟು ದಿನ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಏನೋ, ಅಷ್ಟೊಂದು ಒಟ್ಟಿಗೆ ನಾವು ಹಿಂದೆ ಎಂದೂ ಕೂತಿರಲಿಲ್ಲ.

ಆ ದಿನಗಳಲ್ಲಿ ರಿಜಿಸ್ಟ್ರಾರ್ ಸಾಹೇಬರು ಎಲ್ಲೋ ಕಾರ್ಯಾಗಾರಕ್ಕೆ ಹೋಗಿ ಬಂದರು. ಹಣ ಕೊಡಲು ಆಗದಿದ್ದಾಗ ನೌಕರರಿಗೆ ಗೌರವವನ್ನಾದರೂ ಕೊಡಬೇಕು ಎಂದು ಅಲ್ಲಿ ಹೇಳಿದರಂತೆ. ಅವರಿಗೆ ಆ ಮಾತು ನಾಟಿಬಿಟ್ಟಿತ್ತು. "ತಿಂಗಳ ಉತ್ತಮ ನೌಕರ" ಎಂದು ಒಬ್ಬರನ್ನು ಆರಿಸಿ ಅವರ ಫೋಟೋ ಹಾಕೋಣ ಎಂದರು. ಮೊದಲ ಆಯ್ಕೆ ಚಾಚಾ. ಪರೀಕ್ಷೆಯ ದಿನ ಬಸ್ಸುಗಳು ನಿಂತುಹೋಗಿ, ಪ್ರಶ್ನೆಪತ್ರಿಕೆಯ ಕಟ್ಟು, ಮೇಲ್ವಿಚಾರಕರು ಎಲ್ಲರನ್ನೂ ಅವನೊಬ್ಬನೇ ಭಾಲ್ಕಿಗೂ ಔರಾದಿಗೂ ಮುಟ್ಟಿಸಿದ್ದ. ಆ ದಿನ ಅವನು ಊಟ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಯಾರಿಗೂ ತಕರಾರಿರಲಿಲ್ಲ.

ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆವು. ಅಲ್ಲಿ ಮೊಳೆ ಇದ್ದದ್ದು ದೇಶದ ಮಹನೀಯರ ಪಟಗಳ ಸಾಲಿನಲ್ಲಿ ಮಾತ್ರ. ಕಸ ಗುಡಿಸುವ ಆಯಿ ದಿನಾ ಮುಂಜಾನೆ ಆ ಪಟಗಳನ್ನೆಲ್ಲ ಒರೆಸಿ, ಹೂವಿನ ಸರ ಹಾಕಿ, ಊದಿನಕಡ್ಡಿ ಹಚ್ಚುತ್ತಿದ್ದಳು. ಆಯಿಯ ಮನಸ್ಸು ದೊಡ್ಡದು. ಚಾಚಾನನ್ನು ಮಾತ್ರ ಬಿಡುವುದು ಸರಿಯಲ್ಲ ಎಂದು ಅವನಿಗೂ ಒಂದು ಚೆಂಡುಹೂವಿನ ಸರ ಹಾಕಿದಳು.

ಅದೇ ದಿನ ಔರಾದ್ ಕೇಂದ್ರದಿಂದ ಮನಃಶಾಸ್ತ್ರದ ಅತಿಥಿ ಉಪನ್ಯಾಸಕರು ಬಂದರು. ಮನೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಕನ್ನಡ, ಗಾಬರಿಯಾದರೆ ಎರಡೂ. ಪಡಸಾಲೆಯಲ್ಲಿ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದು, ನನ್ನ ಟೇಬಲ್ ಹತ್ತಿರ ಬಂದರು. ಕಣ್ಣು ತೇವವಾಗಿತ್ತು.

"ಯಾವಾಗ ಆಯ್ತ್ರಿ ಅಕ್ಕೋರೆ?"

ನಾನು ಪ್ರಶಸ್ತಿಯ ಮಾತೆಂದುಕೊಂಡೆ. "ಸೋಮವಾರ ಆಯ್ತು ನೋಡ್ರಿ. ಎಲ್ಲರಿಗೂ ಭಾಳ ಖುಷಿ ಆಗ್ಯಾದ."

"ಖುಷಿ?"

"ಮತ್ತೇನ್ರಿ! ಎಷ್ಟ್ ದಿನದಿಂದ ಆಗ್ಬೇಕಿತ್ತು, ಈಗರೆ ಆಯ್ತಲ್ಲ. ನಮ್ ಸಾಹೇಬ್ರೇ ಮುಂದ್ ನಿಂತು ಮಾಡ್ಸ್ಯಾರ."

"ಸಾಹೇಬ್ರು... ಮಾಡ್ಸ್ಯಾರ?"

"ಹೌದ್ರಿ. ಮುಂದಿನ ತಿಂಗಳ ನಿಮ್ ಔರಾದ್‌ದವ್ರ ಪಾಳಿ. ನಿಮ್ಮ ಹೆಸರೇ ಮ್ಯಾಲದ."

ಅವರು ನಿಧಾನವಾಗಿ ಕುರ್ಚಿಯಲ್ಲಿ ಕುಸಿದರು. ಇನ್ನೇನು ನೀರು ತರಿಸಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಚಾಚಾ ಗ್ಲಾಸು ಹಿಡಿದು ಬಂದು, ಅವರ ಹೆಗಲು ಮುಟ್ಟಿ, "ಸರ್, ಚಾ ತಗೋರಿ" ಎಂದ.

"ಅರೇ ಬಾಪ್ರೇ!" ಎಂದು ಅವರು ಎದ್ದ ರಭಸಕ್ಕೆ ಕುರ್ಚಿ ಒಂದು ಕಡೆ ಬಿತ್ತು, ಚಹಾ ಒಂದು ಕಡೆ.

ಎಲ್ಲ ತಿಳಿದ ಮೇಲೆ ಆ ಸರ್ ಚಾಚಾನ ಎರಡೂ ಕೈ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಾನು ಹೂವಿನ ಸರ ತೆಗೆಯಲು ಸ್ಟೂಲು ಹತ್ತಿದೆ. ಚಾಚಾ ಬಂದು ತಡೆದ.

"ನಕ್ಕೋ ಅಕ್ಕಾ, ತೆಗೀಬ್ಯಾಡ್ರಿ. ಇಷ್ಟ್ ವರ್ಷ ನೌಕರಿ ಮಾಡ್ದೆ, ಯಾರೂ ನಿಂತು ಸಲಾಂ ಹೊಡೀಲಿಲ್ಲ. ಎರಡ್ ದಿನ ಸತ್ತೇ ಇರ್ತೇನಿ."

ಒಂದೇ ಶಾಲು

ವರ್ಷದ ಕೊನೆಯಲ್ಲಿ ಹೊರಗುತ್ತಿಗೆಯವರು ಬಹಳ ಮಂದಿ ಹೋಗುತ್ತಾರೆ ಎನ್ನುವುದು ಅಷ್ಟರಲ್ಲಿ ಖಾತ್ರಿಯಾಗಿತ್ತು. ಹೋಗುವವರಿಗೆ ವೇದಿಕೆಯ ಮೇಲೆ ಒಂದು ಶಾಲಾದರೂ ಹೊದಿಸಿ ಕಳಿಸಬೇಕೆಂದು ಸಾಹೇಬರಿಗೆ ಆಸೆ. ಭಾಲ್ಕಿ ಕೇಂದ್ರದ ವಾರ್ಷಿಕೋತ್ಸವದಲ್ಲಿ ಆಗಲಿ ಎಂದರು. ಶಾಲು ಕೊಳ್ಳಲು ಮಂಜೂರಾತಿ ಸಿಕ್ಕಿದ್ದು ಮಾತ್ರ ಒಂದಕ್ಕೆ.

"ಒಂದೇ ಸಾಕು," ಎಂದರು ಸಾಹೇಬರು. "ಒಬ್ಬರಿಗೆ ಹೊದಿಸೋಣ, ಫೋಟೋ ತೆಗೆಯೋಣ, ಪರದೆ ಹಿಂದೆ ಮಡಚಿ ಇನ್ನೊಬ್ಬರಿಗೆ ಹೊದಿಸೋಣ. ಗೌರವ ಶಾಲಿನಲ್ಲಿದೆಯಾ, ಮನಸ್ಸಿನಲ್ಲಿದೆ."

ಭಾಲ್ಕಿಯಲ್ಲಿ ಆ ಮುಂಜಾನೆ ಕೈಬೆರಳು ಮಡಚಲಾರದಷ್ಟು ಥಂಡಿ. ವೇದಿಕೆಯ ಮೇಲೆ ಸನ್ಮಾನಿತರು ಸಾಲಾಗಿ ಕೂತಿದ್ದರು. ಮೊದಲನೆಯವರು ಅಲ್ಲಿಯ ಲೈಬ್ರರಿ ಮೇಡಂ. ಭಾಲ್ಕಿಯವರೇ. ಕೇಂದ್ರ ಶುರುವಾದಾಗಿನಿಂದ ಹೊರಗುತ್ತಿಗೆಯ ಮೇಲೆ ಇದ್ದವರು. ಪುಸ್ತಕ ಮಡಚಿ ಓದಿದ ಹುಡುಗರನ್ನು ಬಸ್ ಸ್ಟ್ಯಾಂಡಿನವರೆಗೂ ಬೆನ್ನು ಹತ್ತಿ ಬೈದು ಬರುವ ಹೆಂಗಸು. ಅದೇ ಹುಡುಗರು ಹಸಿದು ಕೂತರೆ ತಮ್ಮ ಡಬ್ಬಿ ಮುಂದೆ ತಳ್ಳುವವರು.

ಶಿಷ್ಟಾಚಾರದ ಪ್ರಕಾರ ಶಾಲು ಮೊದಲು ಮುಖ್ಯ ಅತಿಥಿಗಳಿಗೆ ಹೋಯಿತು. ಅವರು ಅದನ್ನು ತೆಗೆದು ಟೇಬಲ್ ಮೇಲೆ ಇಡುತ್ತಾರೆ ಎಂದು ನಾವು ಕಾದೆವು. ಅವರು ಅದನ್ನು ಕಿವಿಯವರೆಗೆ ಎಳೆದು ಸುತ್ತಿಕೊಂಡರು. ಸಾಹೇಬರು ನನ್ನ ಕಡೆ ನೋಡಿದರು. ನಾನು ಚಾಚಾನ ಕಡೆ ನೋಡಿದೆ. ಚಾಚಾ ಮೆಲ್ಲನೆ ಅತಿಥಿಗಳ ಹಿಂದೆ ಹೋಗಿ ನಿಂತ.

"ಸಾಹೇಬ್ರೇ, ಶೆಕಿ ಆಗ್ಲತ್ತದೇನ್ರಿ?"

"ಶೆಕಿ ಎಲ್ಲೀದಪಾ? ಥಂಡಿ ನೋಡು ಹ್ಯಾಂಗದ!"

ಚಾಚಾ ಒಂದು ಕ್ಷಣ ಯೋಚಿಸಿ, ಹಾಲಿನ ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ಬಂದ. ಬೆವರಿದರೆ ಬಿಚ್ಚುತ್ತಾರೆ ಎಂಬ ಲೆಕ್ಕ. ಅತಿಥಿಗಳು, "ಈಗ ಛಲೋ ಆಯ್ತು ನೋಡಪಾ" ಎಂದು ಅವನ ಬೆನ್ನು ತಟ್ಟಿ, ತ್ಯಾಗದ ಮೇಲೆ ಬಹಳ ಹೊತ್ತು ಮಾತಾಡಿ, ಬೇರೆ ಕಾರ್ಯಕ್ರಮ ಇದೆಯೆಂದು ಶಾಲಿನ ಸಮೇತ ಕಾರು ಹತ್ತಿ ಹೊರಟುಹೋದರು.

ಸಾಹೇಬರು ಬೆವರಿದರು. ಮೈಕಿನಲ್ಲಿ ಮೇಡಂ ಅವರ ಹೆಸರು ಕರೆದಾಗಿತ್ತು. ಅವರು ಸೆರಗು ಸರಿಮಾಡಿಕೊಂಡು ಮುಂದೆ ಬಂದು ನಿಂತಿದ್ದರು. ಸಾಹೇಬರು ಅತ್ತ ಇತ್ತ ನೋಡಿ, ವೇದಿಕೆಯ ಟೇಬಲ್ ಮೇಲೆ ಹಾಸಿದ್ದ ಹಸಿರು ಬಟ್ಟೆಯನ್ನೇ, ಮೇಲಿದ್ದ ಸಾಮಾನು ಬೀಳದ ಹಾಗೆ ಸರಕ್ಕನೆ ಎಳೆದು, ಕೊಡವಿ, ಗಂಭೀರವಾಗಿ ಮೇಡಂ ಹೆಗಲಿಗೆ ಹೊದಿಸಿದರು. ಚಪ್ಪಾಳೆ ಬಿತ್ತು. ಮೇಡಂ ಕೈ ಮುಗಿಯಲು ಬಗ್ಗಿದರು. ಬಗ್ಗಿದವರು ಮೇಲೆ ಏಳಲೇ ಇಲ್ಲ.

ಆ ಟೇಬಲ್ಲಿಗೆ ಒಂದು ಕಾಲು ಮುರಿದಿತ್ತು. ಬಟ್ಟೆ ಹೋದ ಮೇಲೆ ಕಾಣಿಸಿತು: ಮುರಿದ ಕಾಲಿನ ಕೆಳಗೆ ಒಂದರ ಮೇಲೊಂದು ದಪ್ಪ ದಪ್ಪ ಪುಸ್ತಕ ಇಟ್ಟಿದ್ದರು. ಹೋದ ಬೇಸಿಗೆಯಿಂದ ಮೇಡಂ ಹುಡುಕುತ್ತಿದ್ದ ವಿಶ್ವಕೋಶದ ಸಂಪುಟಗಳು.

"ಅಯ್ಯೋ ನಮ್ಮವ್ವಾ, ಇಲ್ಲಿ ಅವಲ್ರೀ ನಮ್ ಪುಸ್ತಕ!" ಎಂದು ಮೇಡಂ ಮಂಡಿಯೂರಿ ಕೂತು ಎರಡೂ ಕೈಯಿಂದ ಎಳೆದೇಬಿಟ್ಟರು. ಟೇಬಲ್ ಒಂದು ಕಡೆ ವಾಲಿತು. ಹೂದಾನಿ, ನೀರಿನ ಬಾಟಲಿ, ಮೈಕು ಎಲ್ಲ ಸಾಲಾಗಿ ಜಾರಿ ಸಾಹೇಬರ ಕಾಲ ಮೇಲೆ ಬಿದ್ದವು.

"ಮೇಡಂ, ಸನ್ಮಾನ... ಸನ್ಮಾನ ನಡೀತಿದೆ," ಎಂದರು ಸಾಹೇಬರು ಒಂದು ಕಾಲು ಹಿಡಿದುಕೊಂಡು.

ಹೆಗಲ ಮೇಲೆ ಹಸಿರು ಬಟ್ಟೆ, ಎದೆಗವಚಿದ ವಿಶ್ವಕೋಶ. ಮೇಡಂ ಕೂತಲ್ಲಿಂದಲೇ ಹೇಳಿದರು:

"ಸನ್ಮಾನ ಆಮ್ಯಾಲ ಮಾಡ್ರಿ ಸರ್. ಮೊದಲು ಇವನ್ನ ಒಯ್ದೋರು ಯಾರ್ ಹೇಳ್ರಿ, ದಂಡ ಹಾಕ್ತೇನಿ."

ಸಮಾಧಾನದ ಶಿಬಿರ

ಇನ್ನು ಔರಾದಿನ ಕಥೆ. ಚಾಚಾನನ್ನು ನೋಡಿ ಕಿರುಚಿದ್ದರಲ್ಲ, ಅದೇ ಮನಃಶಾಸ್ತ್ರದ ಸರ್.

ನೌಕರಿಯ ಚಿಂತೆಯಲ್ಲಿ ಎಲ್ಲರೂ ಸೊರಗಿದ್ದನ್ನು ನೋಡಿ ಸಾಹೇಬರು ಧೈರ್ಯ ತುಂಬುವ ಒಂದು ಶಿಬಿರ ಮಾಡಿಸಿದರು. ಹೊರಗಿನ ತಜ್ಞರನ್ನು ಕರೆಸುವ ಹಾಗಿರಲಿಲ್ಲ. "ನಮ್ಮಲ್ಲೇ ಮನಃಶಾಸ್ತ್ರದವರು ಇದ್ದಾರಲ್ಲ, ಅವರೇ ಮಾತಾಡಲಿ" ಎಂದರು. ಜಾಗ ಔರಾದ್ ಕೇಂದ್ರ. ಬೀದರಿನಿಂದ ನಾನು, ಆಯಿ, ನಮ್ಮ ಟೈಪಿಸ್ಟ್ ಚಾಚಾನ ಕಾರಿನಲ್ಲಿ ಹೋದೆವು; ಭಾಲ್ಕಿಯಿಂದ ಲೈಬ್ರರಿ ಮೇಡಂ ಬಂದಿದ್ದರು. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ಚಾಚಾ ಹಳದಿ ಹೊಲಗಳ ಕಡೆ ಕೈ ಮಾಡಿ, "ನೋಡ್ರಿ ಅಕ್ಕಾ, ಇದಕ್ಕೇನ್ ಬಜೆಟ್ ಕಟ್ ಇಲ್ಲ" ಎಂದ.

ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಅದೇ ಮುಂಜಾನೆ ಆ ಸರ್ ಫೋನಿಗೆ ಸುದ್ದಿ ಬಂದಿತ್ತು: ಮುಂದಿನ ಅವಧಿಗೆ ಮನಃಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಬೇಡ. ಅವರು ಯಾರಿಗೂ ಹೇಳದೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತಿದ್ದರು.

"ಎಲ್ಲಾರೂ ಕಣ್ ಮುಚ್ರಿ," ಎಂದು ಮೃದುವಾಗಿ ಶುರುಮಾಡಿದರು. "ಉಸುರು ಒಳಗ ತಗೋರಿ. ಹಗೂರ ಬಿಡ್ರಿ. ನಿಮಗ ಭಾಳ ಖುಷಿ ಕೊಡೋ ಒಂದ್ ಜಾಗ ನೆನಸ್ಕೋರಿ. ನೀವು ಅಲ್ಲೇ ಅದೀರಿ."

ನಾನು ಬೇವಿನ ಗಿಡದ ನೆರಳನ್ನು ನೆನೆಸಿಕೊಂಡೆ. ಅವರು ಮುಂದುವರಿಸಿದರು.

"ಈಗ ನೀವು ಒಂದು ಕ್ಲಾಸಿನ್ಯಾಗ ಅದೀರಿ. ಕೈಯಾಗ ಬೋರ್ಡಿಗಿ ಬರಿಯೋ ಖಡು ಅದ. ಹುಡುಗ್ರು ನಿಮ್ಮನ್ನೇ ನೋಡ್ಲತ್ತಾರ. ಹಿಂದಿನ ಬೆಂಚಿನವ ಒಬ್ಬ ಕೈ ಎತ್ತ್ಯಾನ, ಸರ್ ತಿಳೀಲಿಲ್ರಿ ಅಂತಾನ. ನೀವು ಮತ್ತೊಮ್ಮಿ ಹೇಳ್ಲತ್ತೀರಿ... ಮತ್ತೊಮ್ಮಿ..."

ದನಿ ನಿಂತಿತು. ಸ್ವಲ್ಪ ಹೊತ್ತು ಕಾದು ನಾವು ಒಂದೊಂದೇ ಕಣ್ಣು ತೆರೆದೆವು. ಸರ್ ಬೋರ್ಡಿನ ಕಡೆ ತಿರುಗಿ ನಿಂತಿದ್ದರು. ಹೆಗಲು ನಡುಗುತ್ತಿತ್ತು.

ಮೊದಲು ಎದ್ದವಳು ನಮ್ಮ ಆಯಿ. ಅವರನ್ನು ಕೈಹಿಡಿದು ಕರೆತಂದು ಬೆಂಚಿನ ಮೇಲೆ ಕೂಡಿಸಿದಳು. ಟೈಪಿಸ್ಟ್ ನೀರು ತಂದ. ಚಾಚಾ ತನ್ನ ಕರವಸ್ತ್ರ ಕೊಟ್ಟು, "ಕೈಕು ರೋತೇ ಸರ್, ಅಳಬ್ಯಾಡ್ರಿ, ನಾನೂ ಹೊಂಟೀನಲ್ಲ, ಜೋಡಿ ಹೋಗಮು" ಎಂದ. ಲೈಬ್ರರಿ ಮೇಡಂ ಭಾಲ್ಕಿಯಿಂದ ತಂದಿದ್ದ ಶೇಂಗಾ ಹೋಳಿಗೆಯನ್ನು ಅವರ ಕೈಯಲ್ಲಿಟ್ಟರು. ಆಯಿ ಅವರ ಬೆನ್ನು ಸವರುತ್ತ, "ಉಸುರು ಒಳಗ ತಗೋರಿ ಸರ್. ಹಾಂ. ಹಗೂರ ಬಿಡ್ರಿ. ಮತ್ತ ತಗೋರಿ" ಎಂದು ಅವರದೇ ಪಾಠ ಅವರಿಗೇ ಮಾಡಿದಳು. ಎಲ್ಲರೂ ಸುತ್ತ ಕೂತೆವು. ಅವರು ಮಾತಾಡಿದರು, ನಾವು ಕೇಳಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಸರ್ ನಗುತ್ತಿದ್ದರು.

ಸಂಜೆ ಸಾಹೇಬರು ಫೋನು ಮಾಡಿ ಆತುರದಿಂದ ಕೇಳಿದರು: "ಶಿಬಿರ ಹೇಗಾಯ್ತು? ಯಾರಿಗಾದರೂ ಉಪಯೋಗ ಆಯ್ತಾ?"

"ಭಾಳ ಛಲೋ ಆಯ್ತ್ರಿ ಸರ್. ಒಬ್ಬರಿಗಂತೂ ಪೂರಾ ಸಮಾಧಾನ ಆಯ್ತು."

"ಸಂತೋಷ! ಯಾರಿಗೆ?"

"ಸಮಾಧಾನ ಹೇಳ್ಲಿಕ್ಕ ಬಂದೋರಿಗೆ."

ಬೀಳ್ಕೊಡುಗೆ

ಆ ಸರ್ ಈಗ ಕಮಲನಗರದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಹಬ್ಬಕ್ಕೆ ಫೋನು ಮಾಡುತ್ತಾರೆ. ಮಾತು ಮುಗಿಸುವಾಗ, "ಅಕ್ಕೋರೆ, ಚಾ ಆಯ್ತೇನ್ರಿ?" ಎಂದು ಕೇಳದೆ ಇಡುವುದಿಲ್ಲ.

ಉಳಿದವರನ್ನು ಕಳಿಸಿಕೊಟ್ಟದ್ದು ಒಂದು ಶನಿವಾರ. ಬೀದರಿನ ಕಚೇರಿಯ ಹಾಲಿನಲ್ಲಿ ಸೇರಿದೆವು. ಮನೆಯಿಂದ ಒಬ್ಬೊಬ್ಬರು ಒಂದೊಂದು ಅಡುಗೆ ತಂದಿದ್ದರು. ಸಾಹೇಬರು ಮಾತಾಡಲು ನಿಂತರು. ರಾತ್ರಿಯೆಲ್ಲ ಬರೆದುಕೊಂಡು ಬಂದಿದ್ದರು ಎಂದು ಕಾಣುತ್ತದೆ. ಮೊದಲ ಸಾಲು ಓದಿ, ಎರಡನೆಯ ಸಾಲು ಓದಲಾರದೆ ಕನ್ನಡಕ ತೆಗೆದರು. ಅದನ್ನು ನೋಡಿ ಮುಂದಿನ ಸಾಲಿನಲ್ಲಿದ್ದ ಆಯಿ ಸೆರಗು ಬಾಯಿಗೆ ಹಿಡಿದಳು. ಆಯಿಯನ್ನು ನೋಡಿ ಟೈಪಿಸ್ಟ್, ಟೈಪಿಸ್ಟನನ್ನು ನೋಡಿ ನಾನು. ನೋಡುತ್ತ ನೋಡುತ್ತ ಇಡೀ ಹಾಲು ಬಿಕ್ಕತೊಡಗಿತು. ಚಾಚಾನ ಅಳು ಎಲ್ಲಕ್ಕಿಂತ ಗಟ್ಟಿ. ಕಾರಿನ ಹಾರ್ನಿನ ಹಾಗೆ ಬಿಟ್ಟು ಬಿಟ್ಟು ಬರುತ್ತಿತ್ತು.

ಲೈಬ್ರರಿ ಮೇಡಂ ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದರು. ಗದ್ದಲ ಏರುತ್ತ ಹೋದ ಹಾಗೆ ಅವರಿಗೆ ತಡೆಯಲಾಗಲಿಲ್ಲ. ಮೈಗೆ ಹತ್ತಿದ ಅಭ್ಯಾಸ. ಸಟ್ಟನೆ ಎದ್ದು ನಿಂತು, ಬೆರಳು ತುಟಿಗಿಟ್ಟು, ಟೇಬಲ್ ಕುಟ್ಟಿ ಗದರಿದರು:

"ಶ್ಶ್! ಅಳೋರು ಹೊರಗ ಹೋಗಿ ಅಳ್ರಿ!"

ಹಾಲು ಒಂದೇ ಏಟಿಗೆ ಗಪ್ಪಾಯಿತು. ಮೇಡಂಗೆ ತಾನು ಏನು ಮಾಡಿದೆ ಎನ್ನುವುದು ಆಗ ಹೊಳೆದು, ಬೆರಳು ತುಟಿಯ ಮೇಲಿದ್ದ ಹಾಗೇ ಅತ್ತುಬಿಟ್ಟರು. ಅತ್ತುಕೊಂಡೇ ಬಾಗಿಲು ದಾಟಿ ಹೊರಗೆ ಹೋದರು. ನಿಯಮ ಅಂದಮೇಲೆ ನಿಯಮ.

ಹೆಬ್ಬೆಟ್ಟು

ಅದಾಗಿ ಒಂದು ಮಳೆಗಾಲ ಕಳೆಯಿತು. ಕಾರು ಶೆಡ್ಡಿನಲ್ಲಿ ನಿಂತಿತ್ತು. ಚಾಚಾ ಗಾಂಧಿ ಗಂಜಿನಲ್ಲಿ ಒಬ್ಬ ಸಾಹುಕಾರರ ಮಾಲು ಗಾಡಿ ಓಡಿಸುತ್ತಿದ್ದ. ತೊಗರಿ ಚೀಲ ಹೇರಿಕೊಂಡು ನಮ್ಮ ಗೇಟಿನ ಮುಂದೆ ಹಾಯುವಾಗ ಒಮ್ಮೆ ಹಾರ್ನು ಹಾಕುವನು. ನಾನು ಫೈಲಿನಿಂದ ತಲೆ ಎತ್ತುವಷ್ಟರಲ್ಲಿ ಗಾಡಿ ಹೋಗಿರುತ್ತಿತ್ತು.

ನಮ್ಮ ಬಾಗಿಲಲ್ಲೂ ಎರಡೂ ಕೇಂದ್ರಗಳಲ್ಲೂ ಹಾಜರಿ ಹಾಕುವ ಯಂತ್ರವಿದೆ, ಮೂರಕ್ಕೂ ಹೆಸರಿನ ಪಟ್ಟಿ ಒಂದೇ. ಹೆಬ್ಬೆಟ್ಟು ಒತ್ತಿದರೆ ಗುರುತು ಹಿಡಿದು ಹೆಂಗಸಿನ ದನಿಯಲ್ಲಿ "ಥ್ಯಾಂಕ್ ಯೂ" ಎನ್ನುತ್ತದೆ. ಗುರುತು ಸಿಗದಿದ್ದರೆ "ಪ್ಲೀಸ್ ಟ್ರೈ ಅಗೇನ್" ಎನ್ನುತ್ತದೆ. ಅದರಲ್ಲಿ ಹೆಸರು ತೆಗೆಯಲು, ಸೇರಿಸಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಗೊತ್ತಿದ್ದದ್ದು ಕಂಪ್ಯೂಟರ್ ಆಪರೇಟರಿಗೆ. ಕಡಿತದಲ್ಲಿ ಎಲ್ಲರಿಗಿಂತ ಮೊದಲು ಹೋದವನು ಅವನೇ.

ಒಂದು ಮುಂಜಾನೆ ಗೇಟಿನಲ್ಲಿ ಆ ಹಾರ್ನು ಕೇಳಿಸಿತು. ಈ ಸಲ ಗಾಡಿ ಮುಂದೆ ಹೋಗಲಿಲ್ಲ. ಚಾಚಾನ ಪಕ್ಕದ ಸೀಟಿನಿಂದ ಲೈಬ್ರರಿ ಮೇಡಂ ಇಳಿದರು. ಬೇರೆ ಕಡೆ ಅರ್ಜಿ ಹಾಕಬೇಕು, ಕೆಲಸ ಮಾಡಿದ್ದಕ್ಕೆ ಅನುಭವದ ಸರ್ಟಿಫಿಕೇಟ್ ಬೇಕೆಂದು ಭಾಲ್ಕಿಯಿಂದ ರೈಲಿಗೆ ಬಂದಿದ್ದರು. ಸ್ಟೇಷನ್ ಹೊರಗೆ ಚಾಚಾ ಸಿಕ್ಕು, ಚೀಲದ ಜೊತೆ ಅವರನ್ನೂ ಹೇರಿಕೊಂಡು ಬಂದಿದ್ದ.

ನಾನು ಓಡಿಹೋಗಿ ಅವರ ಕೈ ಹಿಡಿದೆ. "ಸೊರಗೀರಲ್ರಿ" ಎಂದೆ. "ನೀವೇ ಸೊರಗೀರಿ" ಎಂದರು. ಮಾತಾಡುತ್ತ ಬಾಗಿಲು ದಾಟುವಾಗ ಅವರ ಕೈ ತಾನಾಗಿ ಮೇಲೆ ಹೋಯಿತು. ನಾನು ಹೇಳುವಷ್ಟರಲ್ಲಿ ಹೆಬ್ಬೆಟ್ಟು ಒತ್ತಿಯಾಗಿತ್ತು.

"ಥ್ಯಾಂಕ್ ಯೂ," ಎಂದಿತು ಯಂತ್ರ.

ಮೇಡಂ ನಿಂತಲ್ಲೇ ನಿಂತರು. "ಅಯ್ಯ, ಇದಕ್ಕ ನನ್ನ ಗುರ್ತ್ ಅದ!"

"ತಡೀರಿ, ನಾ ನೋಡ್ತೇನಿ," ಎಂದು ಚಾಚಾ ಅಂಗಿಗೆ ಕೈ ಒರೆಸಿ ಒತ್ತಿದ. ಮತ್ತೆ "ಥ್ಯಾಂಕ್ ಯೂ." ಚಾಚಾ ಎರಡು ಹೆಜ್ಜೆ ಹಿಂದೆ ಸರಿದು ಯಂತ್ರಕ್ಕೆ ಸಲಾಂ ಹೊಡೆದ. "ಮೆಹರ್‌ಬಾನಿ ಬಾಯಿ, ಮೆಹರ್‌ಬಾನಿ."

ಒಳಗಿದ್ದವರೆಲ್ಲ ಎದ್ದು ಬಂದರು. ಅಷ್ಟರಲ್ಲಿ ರಿಜಿಸ್ಟ್ರಾರ್ ಸಾಹೇಬರೂ ಬಂದರು. ಮೇಡಂ ಅವರನ್ನು ನೋಡಿ ಅವರ ಮುಖ ಅರಳಿತು, ಕೂಡಲೇ ಬ್ಯಾಗು ನನ್ನ ಕೈಗೆ ಕೊಟ್ಟು ಹೆಬ್ಬೆಟ್ಟು ಒತ್ತಿದರು.

"ಪ್ಲೀಸ್ ಟ್ರೈ ಅಗೇನ್."

ಸಾಹೇಬರು ಬೆರಳು ಕರವಸ್ತ್ರಕ್ಕೆ ಒರೆಸಿ ಒತ್ತಿದರು. "ಪ್ಲೀಸ್ ಟ್ರೈ ಅಗೇನ್." ಬಾಯಿಂದ ಊದಿ ಒತ್ತಿದರು. "ಪ್ಲೀಸ್ ಟ್ರೈ ಅಗೇನ್." ಎಡಗೈಯದು ಒತ್ತಿದರು. ಈ ಸಲ ಯಂತ್ರ ಮಾತೇ ಆಡಲಿಲ್ಲ.

"ದಿನಾ ಹಿಂಗೇ ಏನ್ರಿ ಸರ್?" ಎಂದರು ಮೇಡಂ ಮರುಕದಿಂದ.

"ದಿನಾ ಹೀಗೇನೇ," ಎಂದರು ಸಾಹೇಬರು. ಹಣೆ ಒರೆಸಿಕೊಂಡರು. "ನಿಮ್ಮನ್ನ ಕಳಿಸೋ ಆದೇಶಕ್ಕೆ ಸಹಿ ಹಾಕಿದವನು ನಾನು. ನೋಡಿ, ಇದು ನಿಮ್ಮನ್ನ ಒಳಗೆ ಕರೀತಿದೆ, ನನ್ನನ್ನ ಹೊರಗೇ ನಿಲ್ಲಿಸಿದೆ." ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಮೇಡಂ, ಒಂದು ಉಪಕಾರ ಮಾಡಿ. ನನ್ನ ಪರವಾಗಿ ನೀವೇ ಇನ್ನೊಂದು ಸಲ ಒತ್ತಿಬಿಡಿ."

ಮೇಡಂ ಒತ್ತಿದರು. "ಥ್ಯಾಂಕ್ ಯೂ" ಎಂದಿತು. ಸಾಹೇಬರು "ಅಬ್ಬಾ" ಎಂದು ಒಳಗೆ ಹೋದರು.

ಆ ದಿನ ಯಾರೂ ಕೆಲಸ ಮಾಡಿದ್ದು ನನಗೆ ನೆನಪಿಲ್ಲ. ಚಾಚಾ ಗಂಜಿನಿಂದ ಚಹಾ ತಂದ. ಬೇವಿನ ಗಿಡದ ಕೆಳಗೆ ಎಲೆ ಗುಡಿಸಿ ಕೂತೆವು. ಸಾಹೇಬರೂ ಬಂದು ಕಟ್ಟೆಯ ಮೇಲೆ ಕೂತರು. ಸರ್ಟಿಫಿಕೇಟು ತಾವೇ ಓದಿ, ಸಾಲದೆನಿಸಿ, ಹರಿದು, ಇನ್ನೂ ಒಳ್ಳೆಯ ಮಾತು ಹಾಕಿ ಟೈಪು ಮಾಡಿಸಿದರು. ಹೊತ್ತು ಏರಿದ್ದೇ ತಿಳಿಯಲಿಲ್ಲ. ಭಾಲ್ಕಿಯ ಬಸ್ಸಿಗೆ ಹೊತ್ತಾಯಿತೆಂದು ಮೇಡಂ ಎದ್ದರು. ಎಲ್ಲರೂ ಬಾಗಿಲವರೆಗೆ ಹೋದೆವು.

ಅವರು ಯಂತ್ರವನ್ನು ದಾಟಿ ಮೆಟ್ಟಿಲು ಇಳಿಯುತ್ತಿದ್ದರು. ಸಾಹೇಬರಿಗೆ ಥಟ್ಟನೆ ನೆನಪಾಯಿತು. ಹೋಗುವಾಗಲೂ ಒತ್ತಬೇಕು, ಇಲ್ಲದಿದ್ದರೆ ಅದು ಮನುಷ್ಯ ಇನ್ನೂ ಕೆಲಸದಲ್ಲೇ ಇದ್ದಾನೆಂದು ಬರೆದುಕೊಳ್ಳುತ್ತದೆ.

"ಮೇಡಂ, ಮೇಡಂ! ಔಟ್ ಒತ್ತಲಿಲ್ಲ ನೀವು!" ಎಂದು ಕೂಗಿದರು.

ಮೇಡಂ ಚಾಚಾನ ಗಾಡಿ ಹತ್ತಿ, ಸೆರಗು ಒಳಗೆಳೆದುಕೊಂಡು, ಕಿಟಕಿಯಿಂದ ಹಣಿಕಿ ಹಾಕಿದರು.

"ಬ್ಯಾಡ್ರಿ ಸರ್, ಒತ್ತಾಂಗಿಲ್ಲ. ಅದು ನಾ ಇನ್ನಾ ಒಳಗೇ ಇದ್ದೇನಂತ ತಿಳ್ಕೊಂಡಿರ್ಲಿ."